ಕಂಬಿಗಳ ಆ ತುದಿ

ಜೂನ್ 2, ಸೋಮವಾರ

ಬಂದು ಮೂರು ದಿನವಾಯಿತು. ಕೋಣೆ ಮೂರನೇ ಮಹಡಿಯಲ್ಲಿ. ಎರಡು ಮಂಚ, ಒಂದು ಕಿಟಕಿ, ಒಂದು ಬೀರು. ಬೀರುವಿನ ಬಾಗಿಲು ತೆರೆಯಬೇಕಾದರೆ ನನ್ನ ಮಂಚವನ್ನು ಒಂದು ಗೇಣು ಆಚೆ ತಳ್ಳಬೇಕು. ಕಿಟಕಿ ಪಕ್ಕದ ಮಂಚ ಅವಳದು. ಯಾರೂ ಹಂಚಿ ಕೊಟ್ಟದ್ದಲ್ಲ. ನಾನು ಮೆಟ್ಟಿಲ ಮೇಲೆ ಪೆಟ್ಟಿಗೆ ಎಳೆದುಕೊಂಡು ಏದುಸಿರು ಬಿಡುತ್ತಿದ್ದಾಗ ಅವಳು ಮೇಲೆ ಬಂದು ಅದರಲ್ಲಿ ಕಾಲು ಚಾಚಿಯಾಗಿತ್ತು. "ನಿಂಗೆ ಬೆಳಕಿದ್ರೆ ನಿದ್ದೆ ಬರಲ್ಲ ಅಲ್ವಾ ಅಕ್ಕ, ಅದಕ್ಕೇ" ಅಂದಳು. ನಿಜ, ನನಗೆ ಬೆಳಕಿದ್ದರೆ ನಿದ್ದೆ ಬರುವುದಿಲ್ಲ. ಸಿಟ್ಟು ಬಂದದ್ದು ಅದಕ್ಕೇ.

ಅವಳು ಚಿಕ್ಕಮ್ಮನ ಮಗಳು. ನನಗಿಂತ ಮೂರು ತಿಂಗಳು ಚಿಕ್ಕವಳು. ಒಂದೇ ಶಾಲೆ, ಒಂದೇ ಫಿಸಿಯೋಥೆರಪಿ ಕಾಲೇಜು, ಈಗ ಪರದೇಶದಲ್ಲಿ ಒಂದೇ ಸ್ವಯಂಸೇವೆ. ಅರ್ಜಿ ಹಾಕಿದ್ದು ಮೊದಲು ನಾನು. ಎರಡು ತಿಂಗಳಾದರೂ ಒಬ್ಬಳೇ ಎಲ್ಲಿಗಾದರೂ ಹೋಗಬೇಕು ಅನ್ನುವುದೇ ನನ್ನ ಆಸೆಯಾಗಿತ್ತು. "ಅಕ್ಕ ಹೋದ್ರೆ ನಾನೂ" ಅಂದಳು. ಜೊತೆಗಿದ್ದರೆ ನಮಗೂ ಧೈರ್ಯ ಎಂದು ಅಮ್ಮ, ಚಿಕ್ಕಮ್ಮ ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ನನ್ನ ಆಸೆಗೆ ಅಲ್ಲೇ ಎಳ್ಳುನೀರು.

ಕಾಲೇಜಿಗೆ ಕೊಡಬೇಕಾದ ವರದಿ ಬೇರೆ ಇದೆ. ಈ ಪುಸ್ತಕ ನನ್ನದು, ಇದರಲ್ಲಿ ಒಳ್ಳೆಯವಳಾಗಿ ಇರಬೇಕಾಗಿಲ್ಲ. ಇದರಲ್ಲಿ ಅವಳ ಹೆಸರು ಬೆಣ್ಣೆ. ಯಾರಿಗೆ ಎಷ್ಟು ಹಚ್ಚಬೇಕು ಅನ್ನುವುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಮನೆಯೊಡತಿ ಆಗಲೇ ತನ್ನ ಇಸ್ತ್ರಿ ಪೆಟ್ಟಿಗೆ ಕೊಟ್ಟಿದ್ದಾಳೆ. ಅವಳಿಗೆ.

ಜೂನ್ 4, ಬುಧವಾರ

ಕಾರ್ಯಾಗಾರಕ್ಕೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಟೈರ್ ಅಂಗಡಿಯ ಪಕ್ಕದ ಉದ್ದನೆಯ ಶೆಡ್ಡು. ಇಲ್ಲಿ ಮನುಷ್ಯರಿಗೆ ಕಾಲು ತಯಾರಾಗುತ್ತದೆ ಅಂತ ಹೊರಗಿನಿಂದ ನೋಡಿದವರು ಹೇಳಲಾರರು. ಒಳಗೆ ಮೇಜು, ಕಿಟಕಿ, ಟೀ ಲೋಟ, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ.

ಕೆಲಸ ಹೀಗೆ. ಮಂಡಿಯ ಕೆಳಗೆ ಉಳಿದಿರುವ ಕಾಲಿಗೆ ತೆಳು ಚೀಲ ತೊಡಿಸಿ, ಮೂಳೆ ಎದ್ದಿರುವ ಜಾಗಗಳಿಗೆಲ್ಲ ನೇರಳೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಅದರ ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿದರೆ ನೇರಳೆ ಬಣ್ಣ ಪಟ್ಟಿಯ ಒಳಮೈಗೆ ಇಳಿಯುತ್ತದೆ. ಪಟ್ಟಿ ಗಟ್ಟಿಯಾದ ಮೇಲೆ ಕಳಚಿ, ಒಳಗೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದರೆ ಅಚ್ಚಿನ ಮೇಲೂ ಅದೇ ಗುರುತು. ಗುರುತಿದ್ದ ಕಡೆ ಇನ್ನಷ್ಟು ಪ್ಲಾಸ್ಟರ್ ಮೆತ್ತಿ ಉಬ್ಬಿಸುತ್ತಾರೆ. ಆ ಉಬ್ಬಿನ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದು ಕಾಲು ಕೂರುವ ಬಟ್ಟಲು ಮಾಡಿದಾಗ ಮೂಳೆಗೆ ಅಷ್ಟು ಜಾಗ ಸಿಗುತ್ತದೆ, ಉಜ್ಜುವುದಿಲ್ಲ. ಮಿಕ್ಕ ಕಡೆಯೆಲ್ಲ ಅರದಿಂದ ನಯ ಮಾಡುವುದು. ಬಟ್ಟಲಿಗೆ ಕೊಳವೆ, ಕೊಳವೆಗೆ ಪಾದ.

ಇಲ್ಲಿನ ಯಜಮಾನರನ್ನು ಎಲ್ಲರೂ ಕರೆಯುವುದು ಮೇಸ್ತ್ರಿ ಎಂಬರ್ಥದ ಮಾತಿನಿಂದ. ಅರವತ್ತು ದಾಟಿದವರು, ಮಾತು ಕಡಿಮೆ. ಪ್ರತಿ ಅಚ್ಚನ್ನೂ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ನಮಗೆ ಹೇಳಿದ ನಿಯಮ ಒಂದೇ: ಗುರುತಿಲ್ಲದ ಕಡೆ ಏನನ್ನೂ ಮೆತ್ತಬೇಡಿ, ನಿಮ್ಮ ಬುದ್ಧಿವಂತಿಕೆ ಇನ್ನೊಬ್ಬರ ಕಾಲಿಗೆ ಹುಣ್ಣು.

ಬೆಣ್ಣೆಗೆ ಪೆನ್ಸಿಲ್ ಸಿಕ್ಕಿತು. ನನಗೆ ಅರ. ಗುರುತು ಹಾಕುವವರು ಬಂದವರ ಜೊತೆ ಮಾತಾಡಬೇಕಂತೆ. ಈ ಭಾಷೆಯನ್ನು ಆರು ತಿಂಗಳು ಕೂತು ಕಲಿತದ್ದು ನಾನು. ಅವಳು ವಿಮಾನದಲ್ಲಿ ನನ್ನ ಪುಸ್ತಕ ಇಸಕೊಂಡು ಓದಿದಳು. ನಾನು ವ್ಯಾಕರಣ ಹುಡುಕುತ್ತ ಬಾಯಿ ತೆರೆಯುವಷ್ಟರಲ್ಲಿ ಅವಳು ತಪ್ಪುತಪ್ಪಾಗಿ ನಾಲ್ಕು ಮಾತು ಹೇಳಿ ಎದುರಿನವರನ್ನು ನಗಿಸಿಯಾಗಿರುತ್ತದೆ.

ಜೂನ್ 9, ಸೋಮವಾರ

ಇಲ್ಲೊಂದು ಪದ್ಧತಿ ಇದೆ. ಶೆಡ್ಡಿನ ಕೊನೆಯಲ್ಲಿ ಸೊಂಟದ ಎತ್ತರಕ್ಕೆ ಎರಡು ಉದ್ದ ಕಂಬಿಗಳು. ಹೊಸ ಕಾಲು ಕಟ್ಟಿಕೊಂಡವರು ಅವನ್ನು ಹಿಡಿದು ಮೊದಲ ಹೆಜ್ಜೆ ಇಡುತ್ತಾರೆ. ಕಂಬಿಗಳ ಆ ತುದಿಯಲ್ಲಿ ಯಾರು ನಿಲ್ಲಬೇಕು ಎಂದು ಅವರೇ ಹೇಳಬೇಕು. ಗಂಡ, ಮಗಳು, ಯಾರಾದರೂ ಸರಿ. ಆದರೆ ಇಲ್ಲಿಗೆ ಹೆಚ್ಚಿನವರು ಒಬ್ಬರೇ ಬರುತ್ತಾರೆ, ಹಾಗಾಗಿ ಕೆಲಸದವರಲ್ಲೇ ಒಬ್ಬರನ್ನು ಆರಿಸುತ್ತಾರೆ. ಆರಿಸಿಕೊಂಡವರು ಎರಡೂ ಕೈ ಚಾಚಿ ನಿಲ್ಲುತ್ತಾರೆ, ನಡೆಯುವವರು ಅವರ ಕಡೆ ನಡೆಯುತ್ತಾರೆ. ಅಷ್ಟು ಹೊತ್ತು ಯಂತ್ರಗಳೆಲ್ಲ ನಿಲ್ಲುತ್ತವೆ.

ಇವತ್ತು ನಿವೃತ್ತ ಬಸ್ ಡ್ರೈವರ್ ಒಬ್ಬರು. ಅವರ ಅಚ್ಚನ್ನು ಉಜ್ಜಿದ್ದು ನಾನು, ಎರಡು ದಿನ. ಇನ್ನೂ ಉಗುರಿನ ಸಂದಿಯಲ್ಲಿ ಅವರ ಪ್ಲಾಸ್ಟರ್ ಇದೆ. ಮೇಸ್ತ್ರಿ ಯಾರು ಬೇಕು ಅಂತ ಕೇಳಿದ್ದೇ ತಡ, ಬೆಣ್ಣೆಯ ಕಡೆ ಬೆರಳು ತೋರಿಸಿದರು. ಅವಳು ಕೈ ಚಾಚಿ ನಿಂತಳು. ಅವರು ಅತ್ತರು, ಅವಳೂ ಅತ್ತಳು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅರ ಹಿಡಿದ ಕೈಯಲ್ಲಿ ಸದ್ದು ಬರುವುದಿಲ್ಲ.

ಆರಿಸಿಕೊಂಡ ಲೆಕ್ಕ: ಅವಳು ಎರಡು. ನಾನು ಸೊನ್ನೆ.

ಜೂನ್ 13, ಶುಕ್ರವಾರ

ಅಮ್ಮ ಫೋನ್ ಮಾಡಿದ್ದಳು. ಮೊದಲ ಪ್ರಶ್ನೆ, ಅವಳು ಊಟ ಮಾಡಿದಳಾ. ಎರಡನೆಯದು, ಅವಳಿಗೆ ಶೀತ ಹೇಗಿದೆ. ಪಕ್ಕದಲ್ಲಿದ್ದ ಚಿಕ್ಕಮ್ಮ, ನಮ್ಮವಳು ಯಾರನ್ನೋ ನಡೆಸಿದಳಂತಲ್ಲ, ವೀಡಿಯೊ ನೋಡಿ ನಮ್ಮ ಬೀದಿಯವರೆಲ್ಲ ಅತ್ತರು ಅಂದಳು. ಅಜ್ಜಿ ಹಿಂದಿನಿಂದ, ದೊಡ್ಡವಳು ಏನು ಮಾಡ್ತಾಳೆ ಅಂತ ಕೇಳಿದ್ದು ಕೇಳಿಸಿತು. ಉಜ್ಜುತ್ತಾಳೆ ಅಂತ ಅಮ್ಮ ಹೇಳಿದಳು. ಪಾತ್ರೆನಾ ಎಂದು ಕೇಳಿತು ಅಜ್ಜಿ.

ಎಲ್ಲರೂ ನಕ್ಕರು. ಬೆಣ್ಣೆ ಹಾಸಿಗೆಯಲ್ಲಿ ಬಿದ್ದು ಹೊರಳಾಡಿ ನಕ್ಕಳು. ನಾನೂ ಹಲ್ಲು ಕಿರಿದೆ. ಹೊಟ್ಟೆಯಲ್ಲಿ ಕಿಚ್ಚು ಅನ್ನುವುದು ಬರೀ ಮಾತಲ್ಲ. ನಿಜವಾಗಿ ಅಲ್ಲೇ ಉರಿಯುತ್ತದೆ, ಎದೆಗಿಂತ ಸ್ವಲ್ಪ ಕೆಳಗೆ.

ಅವಳು ನಾಲ್ಕು. ನಾನು ಸೊನ್ನೆ.

ಜೂನ್ 18, ಬುಧವಾರ

ಇವತ್ತು ಅಂಚೆಯವರು ಬಂದರು. ಐವತ್ತರ ಹತ್ತಿರದ ಹೆಂಗಸು, ಇಪ್ಪತ್ತಾರು ವರ್ಷ ಬೀದಿ ಬೀದಿಗೆ ಕಾಗದ ಹಂಚಿದವರು. ಲಾರಿಯೊಂದು ಹಿಂದಕ್ಕೆ ಬಂದು ಕಾಲು ಹೋಯಿತು. ಅವರು ಹಂಚುತ್ತಿದ್ದ ದಾರಿಯನ್ನು ಅಂಚೆ ಕಚೇರಿ ಈವರೆಗೆ ಯಾರಿಗೂ ಕೊಟ್ಟಿಲ್ಲ. ಜುಲೈ ಒಂದಕ್ಕೆ ನಡೆದು ತೋರಿಸಿದರೆ ದಾರಿ ಅವರದೇ. ಇಲ್ಲದಿದ್ದರೆ ಕಾಗದ ವಿಂಗಡಿಸುವ ಮೇಜು. ಆ ಮೇಜಿಗೆ ಕಿಟಕಿಯೂ ಇಲ್ಲ ಎಂದು ನಗುತ್ತಲೇ ಹೇಳಿದರು. ದಾರಿಯಲ್ಲಿರುವ ನಾಯಿಗಳಿಗೆಲ್ಲ ಹೆಸರಿಟ್ಟಿದ್ದಾರೆ.

ಬೆಣ್ಣೆಗೆ ಇಷ್ಟು ಸಾಕು. ನಾಯಿಗಳ ವಿಚಾರ ಶುರುವಾಯಿತು. ನಾನು ಕಾಲು ಹಿಡಿದುಕೊಂಡು ಮಂಡಿಯೂರಿ ಕೂತಿದ್ದೆ, ಕಾಲು ಅಲುಗದಂತೆ ಹಿಡಿಯುವ ದೊಡ್ಡ ಹುದ್ದೆ ನನ್ನದು. ಅವಳು ನಗುತ್ತ ನಗುತ್ತ ಗುರುತು ಹಾಕಿದಳು. ಮಂಡಿಚಿಪ್ಪಿನ ಕೆಳಗೆ, ಮುಂದಿನ ಮೂಳೆಯ ಅಂಚಿಗೆ, ತುದಿಗೆ. ಹೊರಬದಿಯಲ್ಲಿ ಗೋಲಿಯಷ್ಟು ಗುಂಡು ಮೂಳೆ ಇರುತ್ತದಲ್ಲ, ಅದಕ್ಕೆ ಹಾಕಲಿಲ್ಲ. ಅದು ನನ್ನ ಬೆರಳಿನ ಕೆಳಗೇ ಇತ್ತು. ನಾನು ಬೆರಳು ತೆಗೆದೆ, ಕಾಣಲಿ ಅಂತ. ಅವಳು ನೋಡಲಿಲ್ಲ. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ಪಟ್ಟಿ ಒದ್ದೆ ಮಾಡತೊಡಗಿದಳು.

ಹೇಳಬಹುದಿತ್ತು. ಒಂದು ಮಾತು. ತುಟಿ ಬಿಚ್ಚಲಿಲ್ಲ. ಒಂದು ಸಲವಾದರೂ ಮೇಸ್ತ್ರಿ ಅವಳಿಗೆ ಬೈಯಲಿ ಅನ್ನಿಸಿತು. ಹೇಗಿದ್ದರೂ ಅಚ್ಚು ಸವರಿದರೆ ಅವರಿಗೆ ತಿಳಿದೇ ತಿಳಿಯುತ್ತದೆ. ಯಾರಿಗೂ ಏನೂ ಆಗುವುದಿಲ್ಲ.

ಜೂನ್ 20, ಶುಕ್ರವಾರ

ಅಚ್ಚು ನನ್ನ ಮೇಜಿಗೆ ಬಂತು. ಹೊರಬದಿ ಬೆಳ್ಳಗಿದೆ, ನೇರಳೆಯ ಸುಳಿವಿಲ್ಲ. ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ. ಮೆತ್ತಬೇಕಾದ ಜಾಗ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೆ ಗುರುತಿಲ್ಲದ ಕಡೆ ಮೆತ್ತಬಾರದು. ನಿಯಮ ನಿಯಮವೇ. ಗುರುತಿದ್ದ ಕಡೆಗಳಲ್ಲಿ ಮೆತ್ತಿದೆ, ಮಿಕ್ಕದ್ದನ್ನು ಉಜ್ಜಿ ಕನ್ನಡಿ ಮಾಡಿದೆ.

ಮೇಸ್ತ್ರಿಯ ಹೆಬ್ಬೆರಳಿಗೆ ನಿನ್ನೆ ಬಿಸಿ ಪ್ಲಾಸ್ಟಿಕ್ ತಗುಲಿ ದಪ್ಪ ಪಟ್ಟಿ ಕಟ್ಟಿದ್ದಾರೆ. ಅಚ್ಚನ್ನು ತಿರುಗಿಸಿ ನೋಡಿದರು, ಸವರಲಿಲ್ಲ. "ನೀನು ಉಜ್ಜಿದ್ದಲ್ವಾ? ಹಾಗಾದ್ರೆ ನೋಡೋದೇನಿದೆ" ಎಂದು ಮುಂದೆ ಕಳಿಸಿದರು.

ಇಲ್ಲಿಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಹೊಗಳಿಕೆ. ಬಸ್ಸಿನಲ್ಲಿ ಬರುವಾಗ ಅದನ್ನೇ ನೆನೆಸಿಕೊಳ್ಳಲು ನೋಡಿದೆ. ಕಣ್ಣ ಮುಂದೆ ಬಂದದ್ದು ಆ ಬೆಳ್ಳಗಿನ ಹೊರಬದಿ.

ಜೂನ್ 24, ಮಂಗಳವಾರ

ಅಂಚೆಯವರು ನಡೆದರು. ಹನ್ನೊಂದು ಹೆಜ್ಜೆ. ಆ ತುದಿಯಲ್ಲಿ ಬೆಣ್ಣೆ, ಇನ್ಯಾರು. ಎಲ್ಲಾದರೂ ಒತ್ತುತ್ತಿದೆಯಾ ಎಂದು ಮೇಸ್ತ್ರಿ ಎರಡು ಸಲ ಕೇಳಿದರು. ಇಲ್ಲವೇ ಇಲ್ಲ ಅಂದರು. ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಹೊಸ ಕಾಲಿನ ಮೇಲೆ ಭಾರ ಬಿದ್ದಾಗಲೆಲ್ಲ ಮಂಡಿ ಒಂದು ಕೂದಲಿನಷ್ಟು ಒಳಕ್ಕೆ ಜಾರುತ್ತಿತ್ತು, ನೋವನ್ನು ತಪ್ಪಿಸಿಕೊಳ್ಳುವ ಹಾಗೆ. ಮಿಕ್ಕವರೆಲ್ಲ ಅವರ ಮುಖ ನೋಡುತ್ತಿದ್ದರು. ಮುಖದಲ್ಲಿ ನಗುವಿತ್ತು.

ಒಂದನೇ ತಾರೀಖಿಗೆ ಒಂದೇ ವಾರ. ದಿನಾ ಬಂದು ನಡೆಯುತ್ತಾರಂತೆ.

ಅವಳು ಆರು.

ಜೂನ್ 26, ಗುರುವಾರ

ಚರ್ಮ ಒಡೆದಿದೆ.

ಮೂರನೇ ದಿನಕ್ಕೆ ಅವರಿಂದ ಅಡಗಿಸಲು ಆಗಲಿಲ್ಲ. ಮೇಸ್ತ್ರಿ ಬಟ್ಟಲು ಕಳಚಿದಾಗ ಚೀಲದ ಹೊರಬದಿಗೆ ರಕ್ತ. ಗೋಲಿಯಷ್ಟೇ ಗಾಯ, ಸರಿಯಾಗಿ ಅದೇ ಜಾಗದಲ್ಲಿ. ಎರಡು ವಾರ ಕಾಲು ಕಟ್ಟುವ ಹಾಗಿಲ್ಲ. ಅಂಚೆಯವರು ಗೋಡೆಯ ಕ್ಯಾಲೆಂಡರ್ ಕಡೆ ಒಮ್ಮೆ ನೋಡಿ, ತಪ್ಪು ನನ್ನದೇ, ಹೇಳಬೇಕಿತ್ತು ಅಂದರು. ನಗು ಹಾಗೇ ಇತ್ತು. ಕೈ ಮಾತ್ರ ಕುರ್ಚಿಯ ಅಂಚನ್ನು ಬಿಡಲಿಲ್ಲ.

ಮೇಸ್ತ್ರಿ ಮೂಲೆಯಿಂದ ಅಚ್ಚು ತರಿಸಿದರು. ಎಡಗೈಯ ಹೆಬ್ಬೆರಳಿನಿಂದ ಸವರಿದರು. ಗುರುತು ಹಾಕಿದ್ದು ಯಾರು ಎಂದು ಕೇಳಲಿಲ್ಲ, ಅದು ಎಲ್ಲರಿಗೂ ಗೊತ್ತು. ಅವಳು ತಾನೇ ಮುಂದೆ ಬಂದು, ನಾನು ಅಂದಳು. ಬೈಗುಳವೂ ಇಲ್ಲ. ಅವಳ ಕಿವಿಯಿಂದ ಪೆನ್ಸಿಲ್ ತೆಗೆದು ನನ್ನ ಮೇಜಿನ ಮೇಲಿಟ್ಟರು.

ಜೂನ್ 27, ಶುಕ್ರವಾರ

ಪೆನ್ಸಿಲ್ ನನ್ನದಾಯಿತು. ಇವತ್ತು ಇಬ್ಬರಿಗೆ ಗುರುತು ಹಾಕಿದೆ. ಒಂದೊಂದು ಮೂಳೆಗೆ ಮೂರು ಮೂರು ಸಲ. ಎರಡನೆಯವರು, ಏನಮ್ಮ ನನ್ನ ಕಾಲಿನ ಮೇಲೆ ನಕ್ಷೆ ಬರೀತಿದೀಯಾ ಎಂದು ಕೇಳಿದರು.

ಬೆಣ್ಣೆ ಬಕೆಟ್ ತೊಳೆದಳು. ಮನೆಗೆ ಬಂದವಳು ಊಟವನ್ನೂ ಮಾಡದೆ ಗೋಡೆಗೆ ಮುಖ ಹಾಕಿ ಮಲಗಿದಳು. "ಹಾಕಿದ ಹಾಗೇ ನೆನಪು ಅಕ್ಕ. ನೀನು ಕಾಲು ಹಿಡ್ಕೊಂಡಿದ್ದೆಯಲ್ಲ, ನಿನಗೇನಾದ್ರೂ ನೆನಪಿದೆಯಾ?"

ನೆನಪಿಲ್ಲ ಅಂದೆ.

ಜುಲೈ 1, ಮಂಗಳವಾರ

ಇವತ್ತು ಒಂದನೇ ತಾರೀಖು.

ಜುಲೈ 2, ಬುಧವಾರ

ಅಮ್ಮನ ಫೋನು. ನನಗೆ ಪೆನ್ಸಿಲ್ ಸಿಕ್ಕ ವಿಷಯ ಅವಳೇ ಮನೆಗೆ ಹೇಳಿದ್ದಾಳೆ, ಅಕ್ಕನಿಗೆ ಬಡ್ತಿ ಎಂದು. ತನ್ನ ವಿಷಯ ಬಾಯಿ ಬಿಟ್ಟಿಲ್ಲ. ದೊಡ್ಡವಳು ಯಾವತ್ತಿದ್ದರೂ ಜವಾಬ್ದಾರಿಯವಳು ಎಂದಿತು ಅಜ್ಜಿ. ಇಪ್ಪತ್ತು ವರ್ಷದಿಂದ ಕಾದಿದ್ದ ಮಾತು. ಫೋನನ್ನು ಅವಳ ಕೈಗೆ ಕೊಟ್ಟು ಮೆಟ್ಟಿಲಿಳಿದು ಬೀದಿಗೆ ಹೋದೆ. ಎದುರಿನಿಂದ ಯಾರೋ ಅಂಚೆ ಚೀಲ ಹಾಕಿಕೊಂಡು ಬರುತ್ತಿದ್ದರು, ಎರಡೂ ಕಾಲಿನ ಮೇಲೆ. ದಾರಿ ದಾಟಿ ಆಚೆ ಬದಿಗೆ ಹೋದೆ.

ಜುಲೈ 4, ಶುಕ್ರವಾರ

ಹೇಳಿದೆ.

ಮೊದಲು ಮೇಸ್ತ್ರಿಗೆ. ಅವರು ಅರ ಹಿಡಿದಿದ್ದರು. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ನಾನು ಬೈಗುಳಕ್ಕೆ ಕಾದು ನಿಂತೆ, ಊರಿಗೆ ಹೋಗು ಅನ್ನುತ್ತಾರೆ ಅಂತಲೂ. "ನನಗೆ ಯಾಕೆ ಹೇಳ್ತೀಯ? ನನ್ನ ಕಾಲಲ್ಲ ಅದು" ಅಂದರು. ಮತ್ತೆ ಉಜ್ಜತೊಡಗಿದರು.

ಮಧ್ಯಾಹ್ನ ಅಂಚೆಯವರು ಪಟ್ಟಿ ಬದಲಿಸಲು ಬಂದರು. ಗಾಯ ತೊಳೆಯುತ್ತಿದ್ದವಳು ತಲೆ ಎತ್ತದೆ ಹೇಳಿದೆ. ವ್ಯಾಕರಣ ಎಲ್ಲಿ ಹೋಯಿತೋ. ಗುರುತು ಇಲ್ಲ, ನಾನು ನೋಡಿದೆ, ನಾನು ಹೇಳಲಿಲ್ಲ. ಕೂಸು ಮಾತಾಡಿದ ಹಾಗೆ ಮೂರು ತುಂಡು ಮಾತು. ಯಾಕೆ ಎಂದು ಕೇಳಿದರು. ಎಲ್ಲರೂ ಅವಳನ್ನೇ ಆರಿಸುತ್ತಾರೆ, ಅದಕ್ಕೆ ಅಂದೆ. ಹೇಳಿದ ಮೇಲೆ ಅದು ಎಷ್ಟು ಸಣ್ಣದಾಗಿ ಕೇಳಿಸಿತು. ಅವರು ಕಾಲು ಹಿಂದಕ್ಕೆಳೆದುಕೊಂಡರು. ಪಟ್ಟಿಯ ತುದಿಯನ್ನು ತಾವೇ ಸಿಕ್ಕಿಸಿಕೊಂಡು ಊರುಗೋಲು ಹಿಡಿದು ಹೋದರು. ವಿಂಗಡಿಸುವ ಮೇಜಿಗೆ. ಆರು ತಿಂಗಳು ಅಲ್ಲೇ, ಆಮೇಲೆ ಮತ್ತೆ ಅರ್ಜಿ ಹಾಕಬೇಕಂತೆ.

ಅವಳಿಗೆ ಬಸ್ಸಿನಲ್ಲಿ ಹೇಳಿದೆ. ಕಿಟಕಿಯ ಹೊರಗೆ ನೋಡುತ್ತ ಕೇಳಿದಳು. ನಮ್ಮ ನಿಲ್ದಾಣ ಬಂದರೂ ಏಳಲಿಲ್ಲ. ಮುಂದಿನದರಲ್ಲಿ ಇಳಿದು ಇಬ್ಬರೂ ಹಿಂದಕ್ಕೆ ನಡೆದೆವು.

"ನೀನು ನನ್ನ ಹೇಗೆ ನೋಡ್ತೀಯ ಅಂತ ನಂಗೆ ಚಿಕ್ಕೋಳಿದ್ದಾಗಿಂದ ಗೊತ್ತು ಅಕ್ಕ" ಅಂದಳು. "ಅವರ ಕಾಲು ನಿಂಗೇನು ಮಾಡಿತ್ತು?"

ಜುಲೈ 7, ಸೋಮವಾರ

ಪೆನ್ಸಿಲ್ಲನ್ನು ಮೇಸ್ತ್ರಿಗೆ ವಾಪಸು ಕೊಟ್ಟೆ. ಅವರು ಅದನ್ನು ಎರಡು ತುಂಡು ಮಾಡಿದರು. ಒಂದು ಅವಳಿಗೆ, ಒಂದು ನನಗೆ. ಅರದ ಕೆಲಸವೂ ಇಬ್ಬರಿಗೂ. ಇನ್ನು ಮುಂದೆ ಒಬ್ಬರು ಹಾಕಿದ ಗುರುತನ್ನು ಇನ್ನೊಬ್ಬರು ಎಣಿಸಿ ಗಟ್ಟಿಯಾಗಿ ಹೇಳಬೇಕು, ಆಮೇಲೇ ಪ್ಲಾಸ್ಟರ್.

ಅವಳು ಇನ್ನೂ ಮಾತು ಬಿಟ್ಟಿದ್ದಾಳೆ. ಮೂಳೆಗಳ ಲೆಕ್ಕ ಮಾತ್ರ ಹೇಳುತ್ತಾಳೆ. ಒಂದು, ಎರಡು, ಮೂರು, ನಾಲ್ಕು. ದಿನಕ್ಕೆ ಅಷ್ಟೇ ನಮ್ಮ ಸಂಭಾಷಣೆ.

ಜುಲೈ 10, ಗುರುವಾರ

ಬೆಳಿಗ್ಗೆ ಬೀರು ತೆರೆಯಲು ನನ್ನ ಮಂಚ ತಳ್ಳುತ್ತ, "ಒಂದು ಕೈ ಹಾಕಬಾರದಾ, ಇದೇನು ಮಂಚಾನಾ ಆನೆನಾ" ಅಂದಳು. ಆರು ದಿನದ ಮೇಲೆ ಮೊದಲ ಮಾತು. ಕೈ ಹಾಕಿದೆ.

ಸಂಜೆ ಬಟ್ಟೆ ಒಣಹಾಕುವಾಗ ಅವಳೇ ಹೇಳಿದಳು, ಮೇಸ್ತ್ರಿ ಅವಳು ಉಜ್ಜಿದ ಅಚ್ಚನ್ನು ಮೂರು ಸಲ ಸವರುತ್ತಾರಂತೆ, ನನ್ನದಕ್ಕೆ ಒಂದೇ ಸಲ. ಅವಳಿಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತಂತೆ. ನಾನು ಅವಳ ಒದ್ದೆ ಟವೆಲ್ಲಿನ ಇನ್ನೊಂದು ತುದಿ ಹಿಡಿದು ಹಿಂಡಿದೆ. ತಂಗಿಗೆ ಶೀತ ಇನ್ನೂ ಪೂರ್ತಿ ಹೋಗಿಲ್ಲ, ಮನೆಯೊಡತಿಯ ಹತ್ತಿರ ಇನ್ನೊಂದು ಹೊದಿಕೆ ಕೇಳಿ ತಂದೆ.

ಜುಲೈ 15, ಮಂಗಳವಾರ

ಗಾಯ ಮಾಗಿದೆ. ಹೊಸ ಅಚ್ಚು, ಹೊಸ ಬಟ್ಟಲು. ಗುರುತು ಹಾಕಿದ್ದು ತಂಗಿ, ಎಣಿಸಿದ್ದು ನಾನು, ಉಜ್ಜಿದ್ದು ಇಬ್ಬರೂ.

ಅಂಚೆಯವರು ಕಂಬಿಗಳ ನಡುವೆ ನಿಂತರು. ಮೇಸ್ತ್ರಿ ವಾಡಿಕೆಯಂತೆ ಕೇಳಿದರು. ನಾನು ನೆಲ ನೋಡುತ್ತ ನಿಂತಿದ್ದೆ. ಅವರು ನನ್ನ ಕಡೆ ಬೆರಳು ತೋರಿಸಿದರು.

ತಂಗಿಯನ್ನಲ್ಲವೇ ಎಂದು ನಾನೇ ಕೇಳಿಬಿಟ್ಟೆ. ಅವರು ನಗಲಿಲ್ಲ.

"ಅವಳು ನನ್ನ ಮುಖ ನೋಡ್ತಾಳೆ. ನೀನು ಕಾಲು ನೋಡ್ತೀಯ. ಹೋಗಿ ಅಲ್ಲಿ ನಿಲ್ಲು, ಈ ಸಲ ನೋಡಿದ್ದನ್ನ ಹೇಳು."

ಹೋಗಿ ನಿಂತೆ. ಕೈ ಚಾಚಿದೆ. ಯಂತ್ರಗಳು ನಿಂತವು. ಆರು ವಾರದಿಂದ ಹಂಬಲಿಸಿದ ಜಾಗ. ಅಲ್ಲಿಂದ ನೋಡಿದರೆ ಕಾಣುವುದು ಎದುರಿಗಿರುವವರ ಭಯ ಮಾತ್ರ. ಒಂದು ಹೆಜ್ಜೆ. ಎರಡು. ಏಳನೆಯದಕ್ಕೆ ಎಲ್ಲರೂ ಕೈ ಎತ್ತಿಯಾಗಿತ್ತು, ಇನ್ನೇನು ಚಪ್ಪಾಳೆ. ಎಂಟನೆಯದಕ್ಕೆ ಅವರ ಹಿಮ್ಮಡಿ ನೆಲ ಮುಟ್ಟಿದಾಗ ಸೊಂಟ ಸ್ವಲ್ಪ ಮೇಲೆದ್ದಿತು. ಮುಖದಲ್ಲಿ ನೋವಿನ ಸುಳಿವಿರಲಿಲ್ಲ. ಇನ್ನು ಮೂರು ಹೆಜ್ಜೆ ಇಟ್ಟಿದ್ದರೆ ಅವರ ಕೈ ನನ್ನ ಕೈಗೆ ಸಿಗುತ್ತಿತ್ತು.

ನಿಲ್ಲಿ ಅಂದೆ. ಮುಂದಿನ ಮೂಳೆಯ ಅಂಚಿನಲ್ಲಿ ಒತ್ತುತ್ತಿದೆ ಅಂದೆ. ಎತ್ತಿದ ಕೈಗಳು ಹಾಗೇ ಇಳಿದವು. ಮೇಸ್ತ್ರಿ ಬಟ್ಟಲು ಕಳಚಿದರು. ಬೇಳೆಕಾಳಿನಷ್ಟು ಕೆಂಪು, ಚರ್ಮ ಚೆನ್ನಾಗಿಯೇ ಇತ್ತು. ಅಂಚೆಯವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಹ್ಞೂಂ ಅಂದರು. ಬಟ್ಟಲನ್ನು ಬಿಸಿ ಮಾಡಿ ಆ ಜಾಗವನ್ನು ಹೊರಕ್ಕೆ ತಳ್ಳುವ ಕೆಲಸ ತಂಗಿಗೆ ಬಂತು, ಅದರಲ್ಲಿ ಅವಳದು ಎತ್ತಿದ ಕೈ.

ಅದು ಆರುವಷ್ಟರಲ್ಲಿ ಬಕೆಟ್‌ಗಳಲ್ಲಿ ಪ್ಲಾಸ್ಟರ್ ಗಟ್ಟಿಯಾಗುತ್ತಿತ್ತು. ಹಿತ್ತಲಿಗೆ ಒಯ್ದು ತೊಳೆಯುತ್ತಾ ಕೂತೆ. ಒಳಗೆ ಯಂತ್ರಗಳು ನಿಂತದ್ದು ಕೇಳಿಸಿತು, ಆಮೇಲೆ ಬಹಳ ಹೊತ್ತು ಚಪ್ಪಾಳೆ. ಇಪ್ಪತ್ತೆರಡು ಹೆಜ್ಜೆಯಂತೆ, ಆ ತುದಿಗೆ ಹೋಗಿ ವಾಪಸು. ಎಲ್ಲೂ ಕೆಂಪಾಗಿಲ್ಲ ಎಂದು ತಂಗಿ ಓಡಿಬಂದು ಹೇಳಿದಳು. ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ಇಬ್ಬರೂ ಅಲ್ಲೇ ಕಲ್ಲಿನ ಮೇಲೆ ಕೂತೆವು.

ಆ ತುದಿಯಲ್ಲಿ ಯಾರು ನಿಂತಿದ್ದರು ಅಂತ ಕೇಳುವುದು ಮರೆತೇಹೋಯಿತು.